ಹಳೆಯ ಸಾಬೂನು, ಶಾಂಪೂ, ಕ್ರೀಮುಗಳನ್ನು ಎಲ್ಲಿ ಹಾಕುವುದು?

ದುಬೈ, ಕುವೈತ್, ಮಸ್ಕತ್‌ಗಳಿಂದ ರಜೆಗೆ ಬಂದವರು ತಂದುಕೊಟ್ಟ ಸಾಬೂನು, ಸೆಂಟು, ಶಾಂಪೂ, ಲೋಶನ್‌ಗಳು ನಮ್ಮ ಕರಾವಳಿಯ ಅನೇಕ ಮನೆಗಳ ಕಪಾಟುಗಳಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. 'ಒಳ್ಳೆಯ ದಿನಕ್ಕೆ ಇರಲಿ' ಎಂದು ಎತ್ತಿಟ್ಟದ್ದು ಅಲ್ಲಿಯೇ ಹಳತಾಗುತ್ತದೆ. 2020-21ರ ಕೊರೊನಾ ಕಾಲದಲ್ಲಿ ಕೊಂಡ ಸ್ಯಾನಿಟೈಸರ್ ಇದಕ್ಕೆ ಸೇರಿಕೊಂಡಿದೆ. ಹಬ್ಬಕ್ಕೆ ಮೊದಲು ಮನೆ ಶುಚಿ ಮಾಡುವಾಗ ಇವೆಲ್ಲ ಒಮ್ಮೆಲೇ ಹೊರಬರುತ್ತವೆ. ಆಗ ಏನು ಮಾಡುವುದು?

ಸಾಮಾನ್ಯವಾಗಿ ನಾವು ಮಾಡುವುದು ಮೂರು ಕೆಲಸ: ದ್ರವವನ್ನು ಬಚ್ಚಲಿಗೆ ಸುರಿಯುತ್ತೇವೆ, ಸ್ಯಾಶೆ ಮತ್ತು ಟ್ಯೂಬುಗಳನ್ನು ಬಚ್ಚಲು ಒಲೆಗೆ ತಳ್ಳುತ್ತೇವೆ, ಉಳಿದದ್ದನ್ನು ತೋಟದ ಮೂಲೆಯ ಗುಂಡಿಗೆ ಹಾಕುತ್ತೇವೆ. ಈ ಮೂರೂ ತಪ್ಪು. ಏಕೆ ತಪ್ಪು, ಬದಲಿಗೆ ಏನು ಮಾಡಬೇಕು ಎಂಬುದನ್ನು ಇಲ್ಲಿ ನೋಡೋಣ.

ಎಸೆದದ್ದು ಎಲ್ಲಿಗೆ ಹೋಗುತ್ತದೆ?

ನಮ್ಮ ಊರುಗಳಲ್ಲಿ ಬಾವಿ, ಶೌಚದ ಇಂಗುಗುಂಡಿ, ಬಚ್ಚಲ ನೀರು ಹರಿಯುವ ತೆಂಗಿನ ಬುಡ ಎಲ್ಲವೂ ಒಂದೇ ಹಿತ್ತಿಲಿನಲ್ಲಿರುತ್ತವೆ. ಕೆಳಗಿರುವುದು ಮುರಕಲ್ಲು. ಅದರ ತೂತು, ಬಿರುಕುಗಳ ಮೂಲಕ ನೀರು ಬೇಗ ಇಳಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಗಳಲ್ಲಿ ಮೇಲೆ ಬಿದ್ದದ್ದು ಕೆಳಗಿಳಿಯಲು ಹೆಚ್ಚು ದಿನ ಬೇಕಾಗಿಲ್ಲ. ಸ್ನಾನ ಮಾಡುವಾಗ ದಿನಕ್ಕೆ ಒಂದು ಚಮಚ ಶಾಂಪೂ ಹರಿದು ಹೋಗುವುದು ಬೇರೆ, ಆರು ಬಾಟಲಿಗಳನ್ನು ಒಂದೇ ಮಧ್ಯಾಹ್ನ ಸುರಿಯುವುದು ಬೇರೆ. ಕ್ರಿಮಿನಾಶಕ ದ್ರವಗಳು ಒಮ್ಮೆಲೇ ಹೆಚ್ಚು ಪ್ರಮಾಣದಲ್ಲಿ ಸೆಪ್ಟಿಕ್ ಟ್ಯಾಂಕಿಗೆ ಸೇರಿದರೆ ಮಲವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳೂ ಸಾಯುತ್ತವೆ.

ಬೆಂಕಿಯ ವಿಷಯ ಇನ್ನೂ ಗಂಭೀರ. ಬಚ್ಚಲು ಒಲೆಯಲ್ಲಿ ಪ್ಲಾಸ್ಟಿಕ್ ಪೂರ್ತಿಯಾಗಿ ಉರಿಯುವಷ್ಟು ಶಾಖ ಇರುವುದಿಲ್ಲ. ಅರೆಬೆಂದ ಹೊಗೆ ವಿಷಕಾರಿ. ಅದರಲ್ಲೂ ಪಿವಿಸಿಯಂತಹ ಕ್ಲೋರಿನ್ ಇರುವ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆಯ ಮುಂದೆ ಕುಳಿತ ಮನೆಯ ಹೆಂಗಸರು ಮತ್ತು ಹಿರಿಯರು. ಉಳಿದ ಬೂದಿಯನ್ನು ನಾವೇ ಬಸಳೆ, ಮಲ್ಲಿಗೆ, ತೆಂಗಿನ ಬುಡಕ್ಕೆ ಹಾಕುತ್ತೇವೆ.

ಕಸದ ಗಾಡಿಗೆ ಕೊಟ್ಟರೆ ಕಸ ಮಾಯವಾಯಿತು ಎಂದೂ ಅಲ್ಲ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಕುಸಿದು ಮಂದಾರ ಪ್ರದೇಶದ ಮನೆ, ಅಡಿಕೆ ತೋಟಗಳ ಮೇಲೆ ಹರಿದದ್ದನ್ನು ಮರೆಯುವಂತಿಲ್ಲ. ಅಲ್ಲಿನ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ವಿಂಗಡಿಸದೆ ಕೊಟ್ಟ ಪ್ರತಿ ಚೀಲವೂ ಅಂತಹ ರಾಶಿಗೆ ಸೇರುವ ಸಾಧ್ಯತೆ ಇದೆ.

ನೆನಪಿಡಬೇಕಾದ ಒಂದು ಸೂತ್ರ

ಬಾಟಲಿ ಬೇರೆ, ಬಾಟಲಿಯೊಳಗಿನದು ಬೇರೆ. ಒಳಗಿನದನ್ನು ಸಾಧ್ಯವಾದಷ್ಟು ಬಳಸಿ ಮುಗಿಸಬೇಕು. ಖಾಲಿಯಾದ ಬಾಟಲಿಯನ್ನು ತೊಳೆದು ಒಣಗಿಸಿ ಒಣಕಸಕ್ಕೆ ಕೊಡಬೇಕು. ಬಳಸಲಾಗದ ಅಪಾಯಕಾರಿ ವಸ್ತುವನ್ನು ಅದರ ಡಬ್ಬಿಯಲ್ಲೇ ಬಿಟ್ಟು ಪ್ರತ್ಯೇಕವಾಗಿ ಕೊಡಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಕಸವನ್ನು ಹಸಿ, ಒಣ ಮತ್ತು ಮನೆಯ ಅಪಾಯಕಾರಿ ಕಸ ಎಂದು ಮೂರಾಗಿ ವಿಂಗಡಿಸಲು ಹೇಳಿದ್ದು ಇದೇ ಕಾರಣಕ್ಕೆ.

1. ಬಳಸಿ ಮುಗಿಸಬಹುದಾದವು

ದಿನಾಂಕ ಮೀರಿದ ವಸ್ತುವನ್ನು ಮೈಗೆ, ಮುಖಕ್ಕೆ ಹಚ್ಚಬಾರದು. ಆದರೆ ಮನೆಗೆಲಸಕ್ಕೆ ಬಳಸಬಹುದು.

- ಸಾಬೂನಿನ ಚೂರುಗಳನ್ನು ಹಳೆಯ ಬಲೆಯ ಚೀಲದಲ್ಲಿ ಕಟ್ಟಿ ಹಿತ್ತಿಲ ನಲ್ಲಿಯ ಬಳಿ ತೂಗುಹಾಕಿದರೆ ಕೈ ತೊಳೆಯಲು ಆಗುತ್ತದೆ.
- ಹಳೆಯ ಶಾಂಪೂ, ಬಾಡಿ ವಾಶ್‌ಗಳಿಂದ ಬಾಚಣಿಗೆ, ಅಂಗಿಯ ಕಾಲರ್, ಕಾಲೊರಸು, ಬಚ್ಚಲಿನ ನೆಲ ತೊಳೆಯಬಹುದು. ಬಕೆಟ್ ನೀರಿಗೆ ಒಂದು ಚಮಚ ಸಾಕು.
- ಟೂತ್‌ಪೇಸ್ಟ್‌ನಿಂದ ಸ್ಟೀಲ್ ನಲ್ಲಿ, ವಾಶ್ ಬೇಸಿನ್ ಉಜ್ಜಬಹುದು.
- ಕಮಟು ವಾಸನೆ ಬಂದ ತಲೆಎಣ್ಣೆಯನ್ನು ಕತ್ತಿ, ಹಾರೆಗಳಿಗೆ ತೆಳುವಾಗಿ ಹಚ್ಚಿದರೆ ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯದು. ಪೆಟ್ರೋಲಿಯಂ ಜೆಲ್ಲಿ ಬಾಗಿಲಿನ ತಿರುಗಣಿಗೆ ಒಳ್ಳೆಯದು.
- ಹಳೆಯ ಹಲ್ಲುಜ್ಜುವ ಬ್ರಶ್ ಟೈಲ್ಸ್‌ನ ಸಂದು, ಹೊಲಿಗೆ ಯಂತ್ರ, ಸೈಕಲ್ ಚೈನ್ ಶುಚಿಗೆ ಉಪಯೋಗವಾಗುತ್ತದೆ.

ಸಣ್ಣ ಪ್ಲಾಸ್ಟಿಕ್ ಕಣಗಳಿರುವ ಹಳೆಯ ಫೇಸ್ ಸ್ಕ್ರಬ್‌ಗಳನ್ನು ಮಾತ್ರ ತೊಳೆದು ಬಿಡಬೇಡಿ. ಈ ಕಣಗಳು ಕರಗುವುದಿಲ್ಲ, ಹೊಳೆಯ ಮೂಲಕ ಸಮುದ್ರ ಸೇರಿ ಮೀನಿನ ಹೊಟ್ಟೆಗೆ ಹೋಗುತ್ತವೆ. ಅಮೆರಿಕ 2015ರಲ್ಲೇ ಇವುಗಳ ವಿರುದ್ಧ ಕಾಯಿದೆ ಮಾಡಿತು. ಪಟ್ಟಿಯಲ್ಲಿ ಪಾಲಿಎಥಿಲಿನ್ ಎಂಬ ಹೆಸರಿದ್ದರೆ ಅದನ್ನು ಹಳೆಯ ಕಾಗದಕ್ಕೆ ಹಿಂಡಿ, ಒಣಗಲು ಬಿಟ್ಟು, ಕಾಗದ ಸಮೇತ ಕಟ್ಟಿ ಮರುಬಳಕೆಗೆ ಬಾರದ ಕಸದೊಂದಿಗೆ ಕೊಡಿ.

2. ಖಾಲಿ ಡಬ್ಬಿ, ಟ್ಯೂಬು, ಸ್ಯಾಶೆ

ಶಾಂಪೂ, ಲೋಶನ್ ಬಾಟಲಿಗಳ ಅಡಿಯಲ್ಲಿ ತ್ರಿಕೋನದೊಳಗೆ ಒಂದು ಸಂಖ್ಯೆ ಇರುತ್ತದೆ. 1 ಎಂದರೆ ಪೆಟ್, 2 ಎಂದರೆ ಗಟ್ಟಿ ಪಾಲಿಎಥಿಲಿನ್, 5 ಎಂದರೆ ಪಾಲಿಪ್ರೊಪಿಲಿನ್. ಈ ಮೂರಕ್ಕೂ ಗುಜರಿಯಲ್ಲಿ ಬೇಡಿಕೆ ಇದೆ. ಸ್ವಲ್ಪ ನೀರು ಹಾಕಿ ಕುಲುಕಿ ಆ ನೀರನ್ನು ನೆಲ ತೊಳೆಯಲು ಬಳಸಿ, ಬಾಟಲಿಯನ್ನು ಒಣಗಿಸಿ. ಪಂಪಿನೊಳಗೆ ಹೆಚ್ಚಾಗಿ ಲೋಹದ ಸ್ಪ್ರಿಂಗ್ ಇರುವುದರಿಂದ ಅದನ್ನು ತೆಗೆದು ಬೇರೆ ಇಡಿ.

ಟೂತ್‌ಪೇಸ್ಟ್ ಟ್ಯೂಬುಗಳಲ್ಲಿ ಹಲವು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿ ಮಾಡಿದವು. ಸ್ಯಾಶೆಯೂ ಪದರ ಪದರವಾಗಿರುವುದೇ. ಇಂತಹವನ್ನು ಮರುಬಳಕೆ ಮಾಡುವುದು ಕಷ್ಟ. ಆದರೂ ಒಣಕಸಕ್ಕೇ ಕೊಡಬೇಕು. ಸ್ಯಾಶೆಯ ಮೂಲೆಯನ್ನು ಪೂರ್ತಿ ಹರಿಯದೆ ತುಸುವೇ ಕತ್ತರಿಸಿದರೆ ಆ ಪುಟ್ಟ ತುಂಡು ಚರಂಡಿಗೆ ಬೀಳುವುದಿಲ್ಲ. ಸಾಧ್ಯವಿದ್ದವರು ಸ್ಯಾಶೆಯ ಬದಲು ದೊಡ್ಡ ಬಾಟಲಿ ಕೊಳ್ಳುವುದು ಮೇಲು.

ಹಲ್ಲುಜ್ಜುವ ಬ್ರಶ್‌ನ ಹಿಡಿಕೆ ಒಂದು ಪ್ಲಾಸ್ಟಿಕ್, ಎಳೆಗಳು ನೈಲಾನ್. ಕೊನೆಗೆ ಅದೂ ಒಣಕಸಕ್ಕೇ. ಪ್ಲಾಸ್ಟಿಕ್ ಕಡ್ಡಿಯ ಇಯರ್ ಬಡ್‌ಗಳ ತಯಾರಿ ಮತ್ತು ಮಾರಾಟ 2022ರ ಜುಲೈ 1ರಿಂದ ದೇಶದಲ್ಲಿ ನಿಷಿದ್ಧ. ಬಳಸಿದ ಇಯರ್ ಬಡ್, ಸ್ಯಾನಿಟರಿ ಪ್ಯಾಡ್, ಡಯಾಪರ್‌ಗಳನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಪ್ರತ್ಯೇಕವಾಗಿ ಕೊಡಿ. ಶೌಚದ ಗುಂಡಿಗೆ ಹಾಕಬೇಡಿ.

3. ಪ್ರತ್ಯೇಕವಾಗಿ ಇಡಬೇಕಾದವು

ಇವುಗಳಿಗೊಂದು ಹಳೆಯ ಬಿಸ್ಕತ್ ಡಬ್ಬಿ ಇರಲಿ, ಮಕ್ಕಳ ಕೈಗೆ ಸಿಗದಿರಲಿ, ಒಲೆಯಿಂದ ದೂರವಿರಲಿ.

ಸೆಂಟು, ಡಿಯೋಡರೆಂಟ್, ಶೇವಿಂಗ್ ಫೋಮ್‌ಗಳ ಸ್ಪ್ರೇ ಡಬ್ಬಿ: ಒತ್ತಡಕ್ಕಾಗಿ ಅನೇಕ ಡಬ್ಬಿಗಳಲ್ಲಿ ತುಂಬಿರುವುದು ಅಡುಗೆ ಅನಿಲದ ಜಾತಿಯ ಅನಿಲ. ಖಾಲಿಯಾಗಿದೆ ಎನಿಸಿದರೂ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ತೂತು ಮಾಡಬಾರದು, ಜಜ್ಜಬಾರದು.

ಉಗುರುಬಣ್ಣ ಮತ್ತು ಅದನ್ನು ತೆಗೆಯುವ ದ್ರವ: ಅಸಿಟೋನ್‌ನಂತಹ ಬೇಗ ಹೊತ್ತಿಕೊಳ್ಳುವ ದ್ರಾವಕಗಳಿರುತ್ತವೆ. ಮುಚ್ಚಳ ಬಿಗಿ ಮಾಡಿ ಇಡಿ.

ಕೂದಲಿಗೆ ಹಚ್ಚುವ ಬಣ್ಣ: ಎರಡು ಟ್ಯೂಬುಗಳನ್ನು ಬೆರೆಸಿ ಮುಚ್ಚಿಡಬೇಡಿ. ಒಳಗೆ ಅನಿಲ ತುಂಬಿ ಡಬ್ಬಿ ಒಡೆಯಬಹುದು.

ಮೈ ಬಿಳುಪಾಗಿಸುವ ಕ್ರೀಮು: ಎಲ್ಲಿ ತಯಾರಾಯಿತು, ಏನೇನಿದೆ ಎಂಬ ವಿವರವಿಲ್ಲದ ಕ್ರೀಮುಗಳಲ್ಲಿ ಪಾದರಸ ಇರಬಹುದು. 2013ರ ಮಿನಮಾತ ಒಪ್ಪಂದವು ಕಿಲೋಗೆ 1 ಮಿಲಿಗ್ರಾಂಗಿಂತ ಹೆಚ್ಚು ಪಾದರಸವಿರುವ ಸೌಂದರ್ಯ ಸಾಧನಗಳನ್ನು 2020ರೊಳಗೆ ನಿಲ್ಲಿಸಬೇಕೆಂದು ಗೊತ್ತುಪಡಿಸಿತ್ತು. ಅಂತಹ ಡಬ್ಬಿಯನ್ನು ತೊಳೆಯಬೇಡಿ, ಬೇರೆಯವರಿಗೆ ಕೊಡಬೇಡಿ.

ಔಷಧವಿರುವ ಮುಲಾಮು: ಆಂಟಿಬಯೋಟಿಕ್, ಸ್ಟಿರಾಯ್ಡ್ ಇರುವ ಟ್ಯೂಬುಗಳು ಅವಧಿ ಮೀರಿದ ಔಷಧಗಳ ಸಾಲಿಗೆ ಸೇರುತ್ತವೆ.

ಬ್ಲೇಡು, ರೇಜರ್: ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕಿ, ತುಂಬಿದ ಮೇಲೆ ಟೇಪ್ ಸುತ್ತಿ 'ಬ್ಲೇಡು' ಎಂದು ಬರೆದು ಕೊಡಿ. ನಮ್ಮ ಕಸವನ್ನು ಕೈಯಿಂದ ವಿಂಗಡಿಸುವವರು ಮನುಷ್ಯರು. ಅವರ ಬೆರಳು ಕೊಯ್ದರೆ ಮರುದಿನದ ಕೂಲಿಯೂ ಹೋಗುತ್ತದೆ.

ಸ್ಯಾನಿಟೈಸರ್: ಇದರಲ್ಲಿ ಹೆಚ್ಚಿನ ಪಾಲು ಮದ್ಯಸಾರ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಥನಾಲ್ ಪ್ರಮಾಣವೇ ಶೇ. 80. ಸಣ್ಣ ಬಾಟಲಿಯದ್ದನ್ನು ಬೆಂಕಿಯಿಂದ ದೂರದಲ್ಲಿ ಕಿಟಕಿಯ ಗಾಜು ಒರೆಸಿ ಮುಗಿಸಬಹುದು. ಚರ್ಚ್, ಶಾಲೆ, ಸಭಾಭವನಗಳ ದಾಸ್ತಾನು ಕೋಣೆಯಲ್ಲಿ 5 ಲೀಟರಿನ ಕ್ಯಾನುಗಳಿದ್ದರೆ ಅವುಗಳನ್ನು ಮೇಣದ ಬತ್ತಿಗಳ ಪೆಟ್ಟಿಗೆಯ ಬಳಿ, ವಿದ್ಯುತ್ ಬೋರ್ಡಿನ ಕೆಳಗೆ ಇಡಬೇಡಿ. ಚರಂಡಿಗೂ ಸುರಿಯಬೇಡಿ. ಪೂರೈಸಿದವರು ಹಿಂಪಡೆಯುತ್ತಾರೆಯೇ ಎಂದು ಮೊದಲು ಕೇಳಿ.

ಒಂದು ಮುಖ್ಯ ಎಚ್ಚರಿಕೆ: ಶುಚಿ ಮಾಡುವ ಭರದಲ್ಲಿ ಅರೆಖಾಲಿ ಬಾಟಲಿಗಳನ್ನು ಒಂದಕ್ಕೊಂದು ಬೆರೆಸಬೇಡಿ. ಶೌಚಾಲಯದ ಆಸಿಡ್‌ಗೆ ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ.

4. ದಾನ ಕೊಡುವ ಮೊದಲು

ತೆರೆಯದ, ಅವಧಿ ಇರುವ ಸಾಬೂನು, ಪೇಸ್ಟ್‌ಗಳನ್ನು ವೃದ್ಧಾಶ್ರಮಕ್ಕೋ ಅನಾಥಾಲಯಕ್ಕೋ ಕೊಡುವುದು ಒಳ್ಳೆಯದೇ. ಆದರೆ ಮೊದಲು ಫೋನ್ ಮಾಡಿ ಬೇಕೇ ಎಂದು ಕೇಳಿ. ನೆರೆ ಪರಿಹಾರಕ್ಕೆಂದು ಸಂಗ್ರಹಿಸುವಾಗಲೂ ದಿನಾಂಕ ನೋಡಿಯೇ ಪೆಟ್ಟಿಗೆಗೆ ಹಾಕಿ. ನಾವು ಹಚ್ಚಲು ಹೆದರುವ ಕ್ರೀಮನ್ನು ಬಡವರ ಚರ್ಮ ತಡೆದುಕೊಳ್ಳುತ್ತದೆ ಎಂದು ಭಾವಿಸುವುದು ದಾನವಲ್ಲ. ಹಾಗೆ ಕೊಟ್ಟರೆ ನಮ್ಮ ಕಸವನ್ನು ಇನ್ನೊಬ್ಬರ ಬಾಗಿಲಿಗೆ ಸಾಗಿಸಿದಂತೆ ಆಗುತ್ತದೆ.

5. ವಾಳೆಯಲ್ಲಿ ಮಾಡಬಹುದಾದದ್ದು

ಗ್ರಾಮ ಪಂಚಾಯತ್‌ಗಳಲ್ಲಿ ಒಣಕಸಕ್ಕಾಗಿ 'ಸ್ವಚ್ಛ ಸಂಕೀರ್ಣ'ಗಳು ಇವೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯತ್‌ಗಳ ಒಣಕಸವನ್ನು ವಿಂಗಡಿಸುವ ದೊಡ್ಡ ಘಟಕವೂ ಇದೆ. ವಾಳೆಯ ಗುರಿಕಾರರು ಪಂಚಾಯತ್ ಅಥವಾ ನಗರಾಡಳಿತದ ಕಚೇರಿಗೆ ಹೋಗಿ ಮೂರು ಪ್ರಶ್ನೆ ಕೇಳಲಿ: ಒಣಕಸದ ಗಾಡಿ ಯಾವ ದಿನ ಬರುತ್ತದೆ? ಪದರಗಳಿರುವ ಪ್ಲಾಸ್ಟಿಕ್ ತೆಗೆದುಕೊಳ್ಳುತ್ತಾರೆಯೇ? ಅಪಾಯಕಾರಿ ಕಸವನ್ನು ಎಲ್ಲಿಗೆ ತಲುಪಿಸಬೇಕು? ಉತ್ತರವನ್ನು ವಾಳೆಯ ಸಭೆಯಲ್ಲಿ ಓದಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಉತ್ತರ ಸಿಗುವ ಮೊದಲೇ ಎಲ್ಲರ ಮನೆಯ ಡಬ್ಬಿಗಳನ್ನು ಚರ್ಚಿನ ಅಂಗಳದಲ್ಲಿ ರಾಶಿ ಹಾಕುವುದು ಬೇಡ. ಮೊದಲು ವಿಚಾರಣೆ, ಆಮೇಲೆ ಸಂಗ್ರಹ.

ಕೊನೆಯದಾಗಿ, ಹೊಸದನ್ನು ಕೊಳ್ಳುವ ಮೊದಲು ಕಪಾಟು ತೆರೆದು ನೋಡಿ. ಊರಿಗೆ ಬರುವ ಮಕ್ಕಳು 'ಏನು ತರಲಿ?' ಎಂದು ಕೇಳಿದಾಗ 'ಸಾಬೂನು, ಸೆಂಟು ಸಾಕಷ್ಟಿದೆ, ಬೇಡ' ಎಂದು ಹೇಳಿ. ಕಸ ಕಡಿಮೆ ಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.