ನೋಟಕರ ಎಣಿಕೆ

ಒಂದು ಆಟವನ್ನು ಎಷ್ಟು ಮಂದಿ ನೋಡಿದರೆಂದು ತಿಳಿಯುವ ಕುತೂಹಲವು ದೂರದರ್ಶನದೊಡನೆ ಹುಟ್ಟಿದುದಲ್ಲ. ಉಡುಪಿಯ ಸೀಮೆಯಲ್ಲಿ ಯಕ್ಷಗಾನದ ಮೇಳಗಳು ಇದಕ್ಕೆ ಎರಡು ಬಗೆಯ ಅಳತೆಗಳನ್ನು ಮೊದಲೇ ಕಂಡುಕೊಂಡಿದ್ದುವು. ಪೆರ್ಡೂರು, ಸಾಲಿಗ್ರಾಮ ಮುಂತಾದ ಡೇರೆಯ ಮೇಳಗಳಲ್ಲಿ ಟಿಕೇಟಿನ ಹುಟ್ಟುವಳಿಯೇ ಪ್ರಸಂಗದ ಬೆಲೆಯನ್ನು ಹೇಳುತ್ತಿದ್ದಿತು. ಬೆಳಗಾಗುವುದರೊಳಗೆ ಯಜಮಾನನಿಗೆ ಲೆಕ್ಕವು ಸಿಕ್ಕುತ್ತಿದ್ದಿತು. ಮಂದಾರ್ತಿ, ಕಟೀಲು ಮೇಳಗಳ ಬಯಲಾಟವಾದರೋ ಹರಕೆಯದು. ಅದಕ್ಕಾಗಿ ವರ್ಷಗಟ್ಟಲೆ ಮುಂಚಿತವಾಗಿ ಹೆಸರು ಬರೆಯಿಸಬೇಕಾಗುವುದು. ಆದರೆ ಅಲ್ಲಿ ಎಣಿಕೆಗೆ ಬರುವವನು ಆಡಿಸುವವನೇ ಹೊರತು ನೋಡುವವನಲ್ಲ. ಬಯಲಿನಲ್ಲಿ ಚಾಪೆ ಹಾಸಿ ಚೌಕಿಯ ಕಡೆಗೆ ಕಣ್ಣಿಟ್ಟು ಕುಳಿತ ಮುದುಕಿಯನ್ನು ಯಾವ ಪುಸ್ತಕದಲ್ಲಿಯೂ ಬರೆದಿಟ್ಟಿಲ್ಲ.

ಗಾಳಿಯಲ್ಲಿ ಹರಿದು ಬರುವ ಕಾರ್ಯಕ್ರಮಕ್ಕೆ ಟಿಕೇಟೂ ಇಲ್ಲ, ಹರಕೆಯೂ ಇಲ್ಲ. ಈ ತೊಡಕನ್ನು ಬಿಡಿಸಲು ಬ್ರಿಟನ್ನಿನ ಬಿ.ಬಿ.ಸಿ.ಯು 1936ರಲ್ಲಿ ರಾಬರ್ಟ್ ಸಿಲ್ವೀ ಎಂಬವನ ಕೈಯಲ್ಲಿ ಶ್ರೋತೃಗಳ ಶೋಧನೆಯನ್ನು ಆರಂಭಿಸಿತು. ದೂರದರ್ಶನದ ನೋಟಕರನ್ನೆಣಿಸಲು ಅಲ್ಲಿಯ ಪ್ರಸಾರಕರು ಕೂಡಿ 1981ರಲ್ಲಿ ಒಂದು ಮಂಡಳಿಯನ್ನು ಕಟ್ಟಿದರು. ಕರಾವಳಿಯಲ್ಲಿ ಮಂಗಳೂರಿನ ಆಕಾಶವಾಣಿಯು ನುಡಿಯಲಾರಂಭಿಸಿದುದೇ 1976ರಲ್ಲಿ. ಭಾರತದಲ್ಲಿ ಪ್ರಸಾರಕರು, ಜಾಹೀರಾತುದಾರರು ಕೂಡಿದ ಬಾರ್ಕ್ ಎಂಬ ಸಂಸ್ಥೆಯು 2010ರಲ್ಲಿ ಹುಟ್ಟಿ, 2015ರಿಂದ ವಾರವಾರವೂ ಅಂಕಿಗಳನ್ನು ಹೊರಡಿಸತೊಡಗಿತು. ಕಾರ್ಯಕ್ರಮದ ಧ್ವನಿಯಲ್ಲಿ ಕಿವಿಗೆ ಕೇಳಿಸದ ಗುರುತೊಂದನ್ನು ಸೇರಿಸಿರುವರು. ಆರಿಸಿದ ಮನೆಗಳಲ್ಲಿಟ್ಟ ಯಂತ್ರವು ಅದನ್ನು ಹಿಡಿಯುವುದು. ಮನೆಯವರು ತಮ್ಮ ತಮ್ಮ ಗುಂಡಿಯನ್ನೊತ್ತಿ, ನೋಡುತ್ತಿರುವವರು ಯಾರೆಂಬುದನ್ನು ತಿಳಿಸತಕ್ಕದ್ದು. ಮೊದಲಲ್ಲಿ ಇಡೀ ದೇಶಕ್ಕೆ ಇಂಥ ಮನೆಗಳು ಸುಮಾರು 20,000; ಮುಂದೆ ಅವು 50,000ವನ್ನು ದಾಟಿದುವು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯೊಂದರ ಜನಸಂಖ್ಯೆಯೇ 11,77,361 ಆಗಿದ್ದಿತೆಂಬುದನ್ನು ಇದರೊಡನೆ ಇಟ್ಟು ನೋಡಬೇಕು.

ಮನೆಬಾಗಿಲಿನ ಎಣಿಕೆಯು ಈ ಊರಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಮಣಿಪಾಲದಲ್ಲಿ ನೆಲೆನಿಂತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಿಂಡಿಕೇಟ್ ಬ್ಯಾಂಕು 1928ರಿಂದಲೇ ಪಿಗ್ಮಿ ಠೇವಣಿಯ ಎರಡಾಣೆಯನ್ನು ಪ್ರತಿದಿನವೂ ಮನೆಮನೆಗೆ ಹೋಗಿ ಸಂಗ್ರಹಿಸುತ್ತಿದ್ದಿತು. ಅಲ್ಲಿ ಬೆಸ್ತನ ಎರಡಾಣೆಯೂ ಅವನ ಹೆಸರಿಗೇ ಬಿದ್ದಿತು. ಇಲ್ಲಿ ಒಂದು ಮನೆಯು ಸಾವಿರಾರು ಮನೆಗಳ ಪರವಾಗಿ ನಿಲ್ಲುವುದು. ಶಾಸ್ತ್ರೀಯವಾಗಿ ಆರಿಸಿದರೆ ತಪ್ಪಿಲ್ಲವೆಂಬುದು ಸಂಖ್ಯಾಶಾಸ್ತ್ರಜ್ಞರ ಮತ, ಅದು ಯುಕ್ತವಾದುದೇ. ಆದರೆ ಆ ಮನೆಗಳು ಗುಟ್ಟಾಗಿರಬೇಕು. 2001ರಲ್ಲಿ, ಬಾರ್ಕಿಗಿಂತ ಹಿಂದಿನ ವ್ಯವಸ್ಥೆಯ ಕಾಲದಲ್ಲಿ, ಮುಂಬಯಿಯ ಅಂಥ ಮನೆಗಳ ಪಟ್ಟಿಯು ಹೊರಬಿದ್ದು ದೊಡ್ಡ ಗದ್ದಲವಾಯಿತು. 2020ರಲ್ಲಿ ವಂಚನೆಯ ಆಪಾದನೆಗಳೆದ್ದಾಗ ವಾರ್ತಾವಾಹಿನಿಗಳ ಅಂಕಿಗಳನ್ನೇ ನಿಲ್ಲಿಸಿ, 2022ರಲ್ಲಿ ಮರಳಿ ತೊಡಗಿದರು.

ಈ ಎಣಿಕೆಯಲ್ಲಿ ಬ್ರಿಟಿಷ್ ಕಾರ್ಯಕ್ರಮಗಳ ಸ್ಥಾನವೇನು? ಅವು ಸ್ವಂತ ಉಡುಪಿನಲ್ಲಿ ಬಂದಾಗ ಇಂಗ್ಲಿಷು ಬಲ್ಲ ಕೆಲವೇ ಮನೆಗಳಿಗೆ ಸಲ್ಲುವುವು. ವೇಷ ಬದಲಿಸಿದಾಗ ಊರೆಲ್ಲ ನೋಡುವುದು. ಐ.ಟಿ.ವಿ.ಯಲ್ಲಿ 1998ರಲ್ಲಿ ಆರಂಭವಾದ ಕೋಟ್ಯಧೀಶನ ಪ್ರಶ್ನೋತ್ತರದ ಆಟವು 2000ದಲ್ಲಿ ಅಮಿತಾಭ್ ಬಚ್ಚನ್ನರ ಮೂಲಕ ಹಿಂದಿಗೆ ಬಂದಿತು. 2012ರಲ್ಲಿ ಪುನೀತ್ ರಾಜಕುಮಾರರ ನಿರ್ವಹಣೆಯಲ್ಲಿ, ಸುವರ್ಣವಾಹಿನಿಯಲ್ಲಿ, ‘ಕನ್ನಡದ ಕೋಟ್ಯಾಧಿಪತಿ’ಯಾಯಿತು. ನಾಲ್ಕು ಉತ್ತರಗಳಲ್ಲೊಂದನ್ನು ಆರಿಸುವ ಕ್ರಮ, ಸ್ನೇಹಿತನಿಗೆ ದೂರವಾಣಿ ಮಾಡುವ ಸಹಾಯ, ಎಲ್ಲವೂ ಆಂಗ್ಲಮೂಲದವೇ. ಕನ್ನಡಕ್ಕೆ ಸೇರಿದುದು ನುಡಿ, ನಗೆ ಮತ್ತು ಎದುರಿಗೆ ಕುಳಿತವರ ಕಷ್ಟಸುಖಗಳು. ಜನರು ಬಯಸಿದುದು ಇವನ್ನೇ ಎಂದರೆ ಅನ್ಯಾಯವಾಗದು.

ವಾರದ ಪಟ್ಟಿಯಲ್ಲಿ ಕನ್ನಡಕ್ಕೆ ಪ್ರತ್ಯೇಕವಾದ ಅಂಕಣವುಂಟು, ತುಳುವಿಗೆ ಇಲ್ಲ. ಕಾಪುವಿನ ಮನೆಯೊಂದರಲ್ಲಿ ತುಳುವಿನಲ್ಲಿ ಹರಟುತ್ತ, ಕಾರ್ಕಳದ ಮತ್ತೊಂದರಲ್ಲಿ ಕೊಂಕಣಿಯಲ್ಲಿ ಚರ್ಚಿಸುತ್ತ ಕನ್ನಡದ ಧಾರಾವಾಹಿಯನ್ನು ನೋಡುವವರು, ಯಂತ್ರವು ಅವರ ಮನೆಗೆ ಬಂದರೆ, ಕನ್ನಡದ ನೋಟಕರೆಂದೇ ಲೆಕ್ಕಕ್ಕೆ ಬರುವರು. ಅವರ ಹರಟೆಯ ಭಾಷೆಯನ್ನು ಕೇಳುವ ಗುಂಡಿಯು ಆ ಯಂತ್ರದಲ್ಲಿಲ್ಲ.