ಹಡಗು ಹೊರಡುವ ಮುನ್ನ: ವೆನಿಸಿನಲ್ಲಿ ಕಾದು ಕುಳಿತ ಯಾತ್ರಿಕರು

ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೆ ವಿದೇಶಯಾತ್ರೆ ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಪವಿತ್ರ ನಾಡನ್ನು ಕಂಡು ಬಂದವರು, ರೋಮಿಗೆ ಹೋಗಿ ಬಂದವರು ನಮ್ಮ ನಡುವೆ ಇದ್ದಾರೆ. ಹೊರದೇಶದಲ್ಲಿ ನೆಲೆಸಿರುವ ಮಕ್ಕಳ ಒತ್ತಾಯಕ್ಕೆ ಮಣಿದು ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ವಾರದ 'ಕ್ರೂಸ್' ಮುಗಿಸಿ ಬಂದ ಹಿರಿಯರೂ ಇದ್ದಾರೆ. ಇಂಥ ಹಡಗನ್ನು ಏರುವವರಿಗೆ ತಿಳಿದವರು ಕೊಡುವ ಮೊದಲ ಸಲಹೆ, ಒಂದೆರಡು ದಿನ ಮುಂಚಿತವಾಗಿಯೇ ಬಂದರು ಸೇರಿಕೊಳ್ಳಿ ಎಂಬುದು. ವಿಮಾನ ತಡವಾದರೆ ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಹಾಗೆ ಕೈಯಲ್ಲಿ ಉಳಿಯುವ ಆ ದಿನಗಳನ್ನು ಕಳೆಯಲೆಂದು ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಕಿರುಪ್ರವಾಸಗಳಿರುತ್ತವೆ: ಒಂದು ಪುರಾತನ ದೇವಾಲಯ, ಒಂದು ದ್ವೀಪ, ಗಾಜು ಊದುವವರ ಒಂದು ಕುಲುಮೆ. ಇದೆಲ್ಲವೂ ನಮ್ಮ ಕಾಲದ ಪ್ರವಾಸೋದ್ಯಮದ ಕಲ್ಪನೆಯೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಈ ರೂಢಿಗೆ ಐದುನೂರು ವರ್ಷಗಳಿಗೂ ಮಿಗಿಲಾದ ಇತಿಹಾಸವಿದೆ. ಅದನ್ನು ಬೆಳೆಸಿದವರು ಜೆರುಸಲೇಮಿಗೆ ಹೊರಟ ಯಾತ್ರಿಕರು; ಬೆಳೆದ ಊರು ವೆನಿಸ್.

ಕ್ರಿ.ಶ. 1291ರಲ್ಲಿ ಆಕ್ರೆ ಪಟ್ಟಣ ಕೈತಪ್ಪಿದ ಮೇಲೆ ಪವಿತ್ರ ನಾಡಿನಲ್ಲಿ ಕ್ರೈಸ್ತರ ಆಳ್ವಿಕೆ ಕೊನೆಗೊಂಡಿತು. ಆದರೆ ಯಾತ್ರೆ ಕೊನೆಗೊಳ್ಳಲಿಲ್ಲ. ಪೂರ್ವದೇಶಗಳೊಡನೆ ವ್ಯಾಪಾರ ಮಾಡುತ್ತಿದ್ದ ವೆನಿಸ್ ಗಣರಾಜ್ಯವು ಯಾತ್ರಿಕರನ್ನು ಯಾಫಾ ಬಂದರಿಗೆ ಒಯ್ದು ಮರಳಿ ತರುವುದನ್ನೂ ಒಂದು ಕ್ರಮಬದ್ಧ ವ್ಯವಹಾರವನ್ನಾಗಿ ರೂಪಿಸಿತು. ಹದಿನೈದನೆಯ ಶತಮಾನದಲ್ಲಿ ಜರ್ಮನಿ, ಇಂಗ್ಲೆಂಡ್, ಫ್ರಾನ್ಸ್, ಮಿಲಾನ್‌ಗಳಿಂದ ಬಂದವರೆಲ್ಲರೂ ವಸಂತಕಾಲದಲ್ಲಿ ಅಲ್ಲಿ ಸೇರುತ್ತಿದ್ದರು. ಆದರೆ ಹಡಗು ಹೊರಡುವ ದಿನ ಯಾರಿಗೂ ಖಚಿತವಾಗಿ ಗೊತ್ತಿರುತ್ತಿರಲಿಲ್ಲ. ಸಾಕಷ್ಟು ಯಾತ್ರಿಕರು ಸೇರಬೇಕು, ಸರ್ಕಾರದ ಅಪ್ಪಣೆ ದೊರೆಯಬೇಕು, ತುರ್ಕರ ನೌಕಾಪಡೆ ಎಲ್ಲಿದೆಯೆಂಬ ಸುದ್ದಿ ಬರಬೇಕು, ಕೊನೆಗೆ ಗಾಳಿ ಬೀಸಬೇಕು. ಇಂದು ಹಡಗು ನಮಗಾಗಿ ಕಾಯುವುದಿಲ್ಲ. ಅಂದು ಹಡಗೇ ಜನರನ್ನು ಕಾಯಿಸುತ್ತಿತ್ತು. 1413ರಲ್ಲಿ ಮನೆಬಿಟ್ಟ ಇಂಗ್ಲೆಂಡಿನ ಲಿನ್ ಪಟ್ಟಣದ ಮಾರ್ಜರಿ ಕೆಂಪ್ ಎಂಬ ಗೃಹಿಣಿ, ಹದಿನಾಲ್ಕು ಮಕ್ಕಳ ತಾಯಿ, ವೆನಿಸಿನಲ್ಲಿ ಹದಿಮೂರು ವಾರ ಕಳೆದಳು. ಪ್ರಾರ್ಥನೆಯ ವೇಳೆ ಗಟ್ಟಿಯಾಗಿ ಅಳುತ್ತಿದ್ದ ಆಕೆಯ ಸಹವಾಸ ಜೊತೆಯವರಿಗೆ ಬೇಡವಾಗಿತ್ತು. ಆರು ವಾರಗಳ ಕಾಲ ಆಕೆ ತನ್ನ ಕೋಣೆಯಲ್ಲಿ ಒಬ್ಬಳೇ ಕುಳಿತು ಉಂಡಳು. ಪ್ರತಿ ಭಾನುವಾರ ಕನ್ಯಾಸ್ತ್ರೀಯರ ಒಂದು ದೊಡ್ಡ ಮಠಕ್ಕೆ ಹೋಗಿ ಪರಮಪ್ರಸಾದ ಸ್ವೀಕರಿಸುತ್ತಿದ್ದುದೇ ಆ ದೀರ್ಘ ಕಾಯುವಿಕೆಯಲ್ಲಿ ಆಕೆಗೆ ದೊರೆತ ಆಸರೆ.

ಇಂಥ ಕಾಯುವಿಕೆಯ ಬಗ್ಗೆ ನಮಗೆ ಅತ್ಯಂತ ವಿವರವಾಗಿ ತಿಳಿಸಿರುವವರು ಜರ್ಮನಿಯ ಉಲ್ಮ್ ನಗರದ ಮಠದಲ್ಲಿದ್ದ ದೊಮಿನಿಕನ್ ಗುರು ಫೆಲಿಕ್ಸ್ ಫಾಬ್ರಿ. 1480ರಲ್ಲಿ ಮೊದಲ ಸಲ ಯಾತ್ರೆ ಕೈಗೊಂಡ ಅವರು, 1483ರಲ್ಲಿ ನಾಲ್ವರು ಶ್ರೀಮಂತ ಪ್ರಭುಗಳಿಗೆ ಆತ್ಮಿಕ ಸಂಗಾತಿಯಾಗಿ ಮತ್ತೆ ಹೊರಟರು. ಆ ಎರಡನೆಯ ಸಲ ಏಪ್ರಿಲ್ ಕೊನೆಯಲ್ಲಿ ವೆನಿಸ್ ತಲುಪಿದವರಿಗೆ ಹಡಗು ಸಿಕ್ಕಿದ್ದು ಜೂನ್ ಆರಂಭದಲ್ಲಿ. ಅವರು ತಂಗಿದ್ದ ಜರ್ಮನ್ನರ ಛತ್ರದಲ್ಲಿ ಒಂದು ದೊಡ್ಡ ಕರಿನಾಯಿ ಇತ್ತಂತೆ. ಜರ್ಮನ್ನರು ಯಾವ ಪ್ರಾಂತ್ಯದವರೇ ಆಗಿರಲಿ, ಬಾಲ ಅಲ್ಲಾಡಿಸಿ ಬರಮಾಡಿಕೊಳ್ಳುತ್ತಿತ್ತು. ಇತಾಲಿಯನ್ನರು ಹೊಸಿಲು ತುಳಿದರೆ ಮೈಮೇಲೆ ಎರಗುತ್ತಿತ್ತು. ಗುರುಗಳು ಇದನ್ನು ಬಹು ಗಂಭೀರವಾಗಿ ದಾಖಲಿಸಿದ್ದಾರೆ!

ಬಂದ ಯಾತ್ರಿಕನ ಮೊದಲ ಕೆಲಸ ಹಡಗನ್ನು ಗೊತ್ತುಮಾಡುವುದು. ಸಂತ ಮಾರ್ಕರ ಚೌಕದಲ್ಲಿ ಕೆಂಪು ಶಿಲುಬೆಯ ಬಿಳಿ ಬಾವುಟಗಳು ಹಾರುತ್ತಿದ್ದವು. ಯಾತ್ರೆಯ ಹಡಗು ಸಿದ್ಧವಾಗುತ್ತಿದೆ ಎಂಬುದಕ್ಕೆ ಅದೇ ಗುರುತು. ಪರಊರಿನವರಿಗೆ ಭಾಷೆ ತಿಳಿಯದು, ನಾಣ್ಯ ತಿಳಿಯದು ಎಂದು ಸರ್ಕಾರವೇ ಮಾರ್ಗದರ್ಶಿಗಳನ್ನು ನೇಮಿಸಿತ್ತು. 1483ರಲ್ಲಿ ಪಿಯೆಟ್ರೊ ಲಾಂಡೊ ಮತ್ತು ಅಗೊಸ್ತಿನೊ ಕೊಂತರಿನಿ ಎಂಬ ಇಬ್ಬರು ನೌಕಾಧಿಪತಿಗಳು ಪೈಪೋಟಿಗೆ ಬಿದ್ದಿದ್ದರು. ಅವರ ಆಳುಗಳು ಯಾತ್ರಿಕರನ್ನು ಕರೆದೊಯ್ದು ಹಡಗು ತೋರಿಸಿ, ಕ್ರೀಟಿನ ದ್ರಾಕ್ಷಾರಸವನ್ನೂ ಅಲೆಕ್ಸಾಂಡ್ರಿಯಾದ ಮಿಠಾಯಿಗಳನ್ನೂ ಕೊಟ್ಟು ಉಪಚರಿಸುತ್ತಿದ್ದರು. ಅದರ ಜೊತೆಗೆ ಎದುರಾಳಿಯ ಹಡಗನ್ನು ಹಳಿಯುವುದನ್ನೂ ಮರೆಯುತ್ತಿರಲಿಲ್ಲ. ಫಾಬ್ರಿಯವರ ತಂಡ ಲಾಂಡೊನನ್ನು ಆರಿಸಿಕೊಂಡಿತು. ತಲೆಗೆ 40 ದುಕಾತು, ಅರ್ಧ ವೆನಿಸಿನಲ್ಲಿ, ಉಳಿದರ್ಧ ಯಾಫಾದಲ್ಲಿ. ಒಂದು ದುಕಾತು ಎಂದರೆ ಸುಮಾರು ಮೂರೂವರೆ ಗ್ರಾಂ ಅಪ್ಪಟ ಚಿನ್ನ. ಒಟ್ಟು ಹದಿನೇಳು ಪವನಿಗೂ ಮಿಗಿಲು. ಹೆಣ್ಣುಮಕ್ಕಳ ಮದುವೆ ಮಾಡಿದ ನಮ್ಮ ತಂದೆತಾಯಿಯರಿಗೆ ಈ ಲೆಕ್ಕವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅವರು ಬರೆಸಿಕೊಂಡ ಕರಾರು ಓದತಕ್ಕದ್ದು. ದಿನಕ್ಕೆ ಎರಡು ಊಟ ಕೊಡಬೇಕು. ಹುಟ್ಟುಹಾಕುವವರ ಕಾಟದಿಂದ ಯಾತ್ರಿಕರನ್ನು ರಕ್ಷಿಸಬೇಕು. ಅವರ ಕೋಳಿಗಳಿಗೆ ಹಡಗಿನಲ್ಲಿ ಜಾಗ ಕೊಡಬೇಕು. ಸೈಪ್ರಸ್ ದ್ವೀಪದ ಹವೆ ಜರ್ಮನ್ನರಿಗೆ ಒಗ್ಗದ ಕಾರಣ ಅಲ್ಲಿ ಮೂರು ದಿನಕ್ಕಿಂತ ಹೆಚ್ಚು ನಿಲ್ಲಬಾರದು. ಪವಿತ್ರ ನಾಡಿನಲ್ಲಿ ಅವಸರ ಪಡಿಸಬಾರದು ಎಂಬ ಷರತ್ತೂ ಇತ್ತು. ಇವೆಲ್ಲದರ ನಡುವೆ ಇನ್ನೊಂದು: ಯಾತ್ರಿಕನು ದಾರಿಯಲ್ಲಿ ಸತ್ತರೆ ಅವನ ಸಾಮಾನುಗಳನ್ನು ನೌಕಾಧಿಪತಿ ಮುಟ್ಟಬಾರದು, ಪವಿತ್ರ ನಾಡು ತಲುಪುವ ಮೊದಲೇ ಸತ್ತರೆ ಕೊಟ್ಟ ಹಣದ ಅರ್ಧವನ್ನು ಹಿಂದಿರುಗಿಸಬೇಕು. ತನ್ನ ಸಾವಿನ ಷರತ್ತಿಗೂ ಸಹಿ ಹಾಕಿದ ಮೇಲೆಯೇ ಅವನು ಊರು ನೋಡಲು ಹೊರಡುತ್ತಿದ್ದುದು.

ಹೊರಡುವ ಮುನ್ನ ಒಂದಿಷ್ಟು ಖರೀದಿಯೂ ಉಂಟು. 1458ರಲ್ಲಿಯೂ 1462ರಲ್ಲಿಯೂ ಯಾತ್ರೆ ಮಾಡಿದ ಇಂಗ್ಲಿಷ್ ಗುರು ವಿಲಿಯಂ ವೇ ಹಿಂದೆ ಬರುವವರಿಗೆ ಬಹಳ ವ್ಯಾವಹಾರಿಕ ಬುದ್ಧಿವಾದ ಹೇಳಿದ್ದಾರೆ. ಸಂತ ಮಾರ್ಕರ ದೇವಾಲಯದ ಬಳಿ ಗರಿಯ ಹಾಸಿಗೆ, ದಿಂಬು, ಹೊದಿಕೆಗಳ ಒಂದು ಜೊತೆ ಮೂರು ದುಕಾತಿಗೆ ಸಿಗುತ್ತದೆ. ಹಿಂತಿರುಗಿ ಬಂದಾಗ ಅದು ಎಷ್ಟೇ ಹರಿದು ಸವೆದಿದ್ದರೂ ಅದೇ ವ್ಯಾಪಾರಿ ಒಂದೂವರೆ ದುಕಾತು ಕೊಟ್ಟು ಮರಳಿ ಕೊಳ್ಳುತ್ತಾನೆ. ಪಂಜರದಲ್ಲಿ ಆರು ಕೋಳಿಗಳು, ಅವುಗಳಿಗೆ ಸಾಕಷ್ಟು ಕಾಳು ಇರಲಿ ಎಂದೂ ಅವರು ನೆನಪಿಸುತ್ತಾರೆ.

ಇಷ್ಟಾದರೂ ದಿನಗಳು ಉಳಿಯುತ್ತಿದ್ದವು. ಸೋಮಾರಿತನ ಆತ್ಮಕ್ಕೆ ಹಾನಿಕರವೆಂದು ಬಲ್ಲ ಫಾಬ್ರಿ ಮತ್ತು ಅವರ ಸಂಗಡಿಗರು ದಿನಕ್ಕೊಂದು ದೇವಾಲಯದಂತೆ ಕಿರುಯಾತ್ರೆಗಳನ್ನು ಕೈಗೊಂಡರು. ವೆನಿಸ್ ಪೂರ್ವದೇಶಗಳಿಂದ ಮೆಣಸು, ರೇಷ್ಮೆಗಳಂತೆಯೇ ಸಂತರ ಪವಿತ್ರ ಅವಶೇಷಗಳನ್ನೂ ಶತಮಾನಗಳ ಕಾಲ ತಂದು ತುಂಬಿಕೊಂಡಿತ್ತು. ಎಲ್ಲವನ್ನೂ ನ್ಯಾಯವಾಗಿಯೇ ತಂದಿತೆಂದು ಹೇಳುವಂತಿಲ್ಲ. ದೋಣಿ ಹತ್ತಿ ಒಂದು ದಿನ ಸಂತ ಹೆಲೆನಾರ ದ್ವೀಪಕ್ಕೆ, ಇನ್ನೊಂದು ದಿನ ಸಂತ ಜಾರ್ಜರ ಮಠದ ದ್ವೀಪಕ್ಕೆ, ಮತ್ತೊಂದು ದಿನ ಸ್ನಾನಿಕ ಯೊವಾನ್ನರ ತಂದೆ ಜಕರೀಯರ ಹೆಸರಿನ ದೇವಾಲಯಕ್ಕೆ. ಸಂತ ಲೂಸಿಯಾರ ಶರೀರವಿದ್ದ ದೇವಾಲಯವೂ ಆ ಊರಿನಲ್ಲಿತ್ತು. ಅದು ಈಗ ಇಲ್ಲ. ರೈಲು ನಿಲ್ದಾಣ ಕಟ್ಟಲು ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಕೆಡವಿದರು. ಸಂತಳ ಶರೀರವನ್ನು ಸಮೀಪದ ಸಂತ ಯೆರೆಮೀಯರ ದೇವಾಲಯಕ್ಕೆ ಸ್ಥಳಾಂತರಿಸಲಾಯಿತು. ಇಂದು ರೈಲಿನಲ್ಲಿ ವೆನಿಸಿಗೆ ಬಂದಿಳಿಯುವ ಪ್ರತಿಯೊಬ್ಬರೂ 'ಸಾಂತಾ ಲೂಸಿಯಾ' ನಿಲ್ದಾಣದಲ್ಲಿಯೇ ಇಳಿಯುತ್ತಾರೆ. ಆ ಹೆಸರು ಏಕೆ ಬಂತೆಂದು ಕೇಳುವವರು ಕಡಿಮೆ.

ಲಿದೊ ದ್ವೀಪದಲ್ಲಿ ನಾವಿಕರ ಪಾಲಕ ಸಂತ ನಿಕೋಲಾಸರ ದೇವಾಲಯವಿದೆ. ಸಂತರ ಎಲುಬುಗಳು ತಮ್ಮಲ್ಲಿವೆಯೆಂದು ದಕ್ಷಿಣ ಇಟಲಿಯ ಬಾರಿ ನಗರದವರೂ ವೆನಿಸಿನವರೂ ವಾದಿಸುತ್ತ ಬಂದಿದ್ದರು. 1992ರಲ್ಲಿ ವೆನಿಸಿನ ಎಲುಬುಗಳನ್ನು ಪರೀಕ್ಷಿಸಿದಾಗ, ಬಾರಿಯಲ್ಲಿರುವ ಅಸ್ಥಿಗಳಲ್ಲಿ ಇಲ್ಲದ ಚೂರುಗಳೇ ಇವು, ಎರಡೂ ಒಬ್ಬನೇ ವ್ಯಕ್ತಿಯವು ಎಂಬ ಅಭಿಪ್ರಾಯ ಹೊರಬಿತ್ತು. ಜಗಳವಾಡಿದ ಇಬ್ಬರ ಮಾತೂ ನಿಜವಾಗುವುದು ಇತಿಹಾಸದಲ್ಲಿ ಅಪರೂಪ.

ದೇವಾಲಯಗಳಷ್ಟೇ ಅಲ್ಲ, ಮುರಾನೊ ದ್ವೀಪದ ಗಾಜಿನ ಕುಲುಮೆಗಳೂ ಯಾತ್ರಿಕರನ್ನು ಸೆಳೆದವು. 1483ರ ಮೇ 8ರಂದು ಸ್ವರ್ಗಾರೋಹಣದ ಹಬ್ಬ ಬಂದಿತು. ಅಂದು ಗಣರಾಜ್ಯದ ಅಧಿಪತಿ ದೋಜೆ ಚಿನ್ನದ ಅಲಂಕಾರದ ದೋಣಿಯಲ್ಲಿ ಸಮುದ್ರದ ಬಾಯಿಗೆ ಹೋಗಿ, ನೀರಿಗೆ ಉಂಗುರ ಎಸೆದು ಕಡಲನ್ನು ವರಿಸುವ ಆಚರಣೆ. ಮೂರು ವಾರಗಳ ಬಳಿಕ ಪರಮಪ್ರಸಾದದ ಹಬ್ಬದ ಮೆರವಣಿಗೆ. ಹನ್ನೊಂದು ವರ್ಷಗಳ ನಂತರ, 1494ರಲ್ಲಿ, ಇದೇ ಮೆರವಣಿಗೆಯನ್ನು ಕಂಡ ಮಿಲಾನ್ ಪ್ರಧಾನಾಲಯದ ವೃದ್ಧ ಗುರು ಪಿಯೆತ್ರೊ ಕಸೋಲಾ, ಜೆರುಸಲೇಮಿಗೆ ಹೊರಟ ಪರದೇಶಿ ಯಾತ್ರಿಕರಿಗೂ ಮೋಂಬತ್ತಿ ಕೊಟ್ಟು, ಒಬ್ಬೊಬ್ಬರಿಗೂ ಒಬ್ಬೊಬ್ಬ ವೆನಿಸಿನ ಕುಲೀನನನ್ನು ಜೊತೆ ಮಾಡಿ ನಡೆಸಿದ್ದನ್ನು ಬರೆದಿದ್ದಾರೆ. ಹರಿದ ಅಂಗಿಯ ಯಾತ್ರಿಕನ ಪಕ್ಕದಲ್ಲಿ ರಾಜ್ಯವಾಳುವವನ ನಡಿಗೆ! ವ್ಯಾಪಾರದಲ್ಲಿ ಒಂದು ಕಾಸನ್ನೂ ಬಿಡದ ಊರು ಆ ಒಂದು ದಿನವಾದರೂ ಹಾಗೆ ನಡೆದುಕೊಂಡಿತು ಎಂಬುದನ್ನು ಮರೆಯಬಾರದು.

ಯಾತ್ರಿಕನಿಗೆ ತಾಳ್ಮೆ, ಹಣ, ವಿಶ್ವಾಸ ಎಂಬ ಮೂರು ಚೀಲಗಳು ಬೇಕೆಂದು ಹೇಳಿದವರೂ ಇದೇ ಕಸೋಲಾ. ಅವರು ಬೆರಗಾದದ್ದು ವೆನಿಸಿನ ಅಂಗಡಿಗಳನ್ನು ತುಂಬಿದ್ದ ಸಾಂಬಾರ ಪದಾರ್ಥಗಳು ಮತ್ತು ಬಟ್ಟೆಗಳನ್ನು ಕಂಡು. ಆ ಮೆಣಸು, ಶುಂಠಿಗಳು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ ಕೆಂಪು ಸಮುದ್ರ, ಅಲೆಕ್ಸಾಂಡ್ರಿಯಾಗಳ ಮೂಲಕ ಅಲ್ಲಿಗೆ ಸೇರುತ್ತಿದ್ದವು. ಕಸೋಲಾ ಅವರಿಗಿಂತ ಎಪ್ಪತ್ತು ವರ್ಷಗಳಷ್ಟು ಹಿಂದೆಯೇ ವೆನಿಸಿನ ಪಕ್ಕದ ಕಿಯೋಜ್ಜಾದ ನಿಕೊಲೊ ದೆ ಕೊಂತಿ ನಮ್ಮ ವಿಜಯನಗರವನ್ನು ಕಣ್ಣಾರೆ ಕಂಡಿದ್ದನು.

ಕಾಯುವಿಕೆ ಫಲ ಕೊಟ್ಟ ಇನ್ನೊಂದು ಉದಾಹರಣೆಯೂ 1483ರದೇ. ಫಾಬ್ರಿಯವರು ಬಿಟ್ಟ ಕೊಂತರಿನಿಯ ಹಡಗನ್ನು ಏರಿದವರಲ್ಲಿ ಮೈಂಜ್ ನಗರದ ಗುರು ಬೆರ್ನ್‌ಹಾರ್ಡ್ ಫಾನ್ ಬ್ರೈಡೆನ್‌ಬಾಖ್ ಒಬ್ಬರು. ಅವರು ಎರ್ಹಾರ್ಡ್ ರೂವಿಖ್ ಎಂಬ ಚಿತ್ರಕಾರನನ್ನು ಜೊತೆಗೆ ಕರೆತಂದಿದ್ದರು. ವೆನಿಸಿನಲ್ಲಿ ಕಳೆದ ವಾರಗಳು ಅವನಿಗೆ ನಗರವನ್ನು ನೋಡಿ ಬರೆಯುವ ಅವಕಾಶ ಕೊಟ್ಟವು. 1486ರಲ್ಲಿ ಮೈಂಜಿನಲ್ಲಿ ಅಚ್ಚಾದ ಅವರ ಯಾತ್ರಾಗ್ರಂಥದಲ್ಲಿ ಒಂದೂವರೆ ಮೀಟರಿಗೂ ಉದ್ದವಾಗಿ ಮಡಿಕೆ ಬಿಚ್ಚಿಕೊಳ್ಳುವ ವೆನಿಸಿನ ಚಿತ್ರವಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇದೆಲ್ಲವೂ ಭಕ್ತಿಯೋ, ಕುತೂಹಲವೋ? ಆ ಕಾಲದ ಆತ್ಮಿಕ ಗುರುಗಳೂ ಇದನ್ನು ಕೇಳಿದ್ದರು. 1471ರಲ್ಲಿ ತೀರಿಕೊಂಡ ಥಾಮಸ್ ಕೆಂಪಿಸ್, ಸಂತರ ಅವಶೇಷಗಳನ್ನು ನೋಡಲು ಊರೂರು ಅಲೆಯುವವರು ಬಹುಮಟ್ಟಿಗೆ ಹೊಸದನ್ನು ಕಾಣುವ ಚಪಲದಿಂದ ಹೋಗುತ್ತಾರೆ, ಬದಲಾಗದೆ ಮರಳುತ್ತಾರೆ ಎಂದು ಎಚ್ಚರಿಸಿದ್ದರು. ಅವರ ಮಾತು ಸುಳ್ಳಲ್ಲ. ಆದರೂ ಫಾಬ್ರಿಯವರ ಬರಹ ಓದಿದಾಗ ನನಗೆ ಅನಿಸುವುದು ಬೇರೆ. 1480ರ ಮೊದಲ ಯಾತ್ರೆಯಲ್ಲಿ ರೋಡ್ಸ್ ದ್ವೀಪಕ್ಕೆ ತುರ್ಕರ ಮುತ್ತಿಗೆ ಬಿದ್ದಿತ್ತು. ಭಯಗೊಂಡ ಹಲವರು ಕೋರ್ಫು ದ್ವೀಪದಿಂದಲೇ ಹಿಂತಿರುಗಿದರು. ಮುಂದೆ ಹೋದ ಫಾಬ್ರಿಯವರಿಗೆ ಪವಿತ್ರ ನಾಡಿನಲ್ಲಿ ಸಿಕ್ಕಿದ್ದು ಒಂಬತ್ತೇ ದಿನ. ಪುಣ್ಯಸ್ಥಳಗಳ ಸುತ್ತ ಓಡಿಸಿದರೇ ಹೊರತು ಏನೂ ಮನಸ್ಸಿಗೆ ಇಳಿಯಲಿಲ್ಲವೆಂಬ ಕೊರಗಿನಲ್ಲಿಯೇ ಅವರು ಮರಳಿದ್ದರು. ಅಷ್ಟು ಅವಸರದ ಗುರಿಯ ಮುಂದೆ, ವೆನಿಸಿನಲ್ಲಿ ಉಳಿದಿದ್ದ ನಿಧಾನದ ಒಂದು ತಿಂಗಳು ಚಿಕ್ಕ ಸಂಗತಿಯಲ್ಲ. ದಿನಕ್ಕೊಂದೇ ಸ್ಥಳವನ್ನು ಕಾಲ್ನಡಿಗೆಯಲ್ಲೋ ದೋಣಿಯಲ್ಲೋ ತಲುಪಿ, ಪ್ರಾರ್ಥಿಸಿ, ನೋಡಿ, ಸಂಜೆಗೆ ಮರಳುವುದನ್ನು ಅವರು ಅಲ್ಲಿ ಅಭ್ಯಾಸ ಮಾಡಿದರು. ಕಣ್ಣಿಗೂ ಒಂದು ಶಿಕ್ಷಣ ಬೇಕಾಗುತ್ತದೆ.

ಇಂದಿನ ವೆನಿಸ್ ಬೇರೆಯದೇ ಸಂಕಟದಲ್ಲಿದೆ. ಬೃಹತ್ ವಿಹಾರನೌಕೆಗಳು ಸಂತ ಮಾರ್ಕರ ಚೌಕದ ಮುಂದೆಯೇ ಹಾದುಹೋಗುತ್ತಿದ್ದುದನ್ನು ಇಟಲಿ ಸರ್ಕಾರ 2021ರ ಆಗಸ್ಟ್ 1ರಿಂದ ನಿಷೇಧಿಸಿತು. ಒಂದೇ ದಿನಕ್ಕೆ ಬಂದು ಹೋಗುವವರಿಂದ ಆಯ್ದ ದಿನಗಳಂದು ಪ್ರವೇಶಶುಲ್ಕ ಪಡೆಯುವ ಕ್ರಮ 2024ರಲ್ಲಿ ಆರಂಭವಾಯಿತು. ಹಳೆಯ ನಗರದಲ್ಲಿ ವಾಸಿಸುವವರ ಸಂಖ್ಯೆ ಐವತ್ತು ಸಾವಿರಕ್ಕಿಂತ ಕೆಳಗಿಳಿದಿದೆ. ಯಾತ್ರಿಕನು ತಿಂಗಳುಗಟ್ಟಲೆ ಇದ್ದು ಬಾಡಿಗೆ ಕೊಟ್ಟು, ಹಾಸಿಗೆ ಕೊಂಡು, ಊರಿನವರೊಡನೆ ಮೆರವಣಿಗೆಯಲ್ಲಿ ನಡೆಯುತ್ತಿದ್ದ ಕಾಲಕ್ಕೂ, ನಾಲ್ಕು ಗಂಟೆಗಳಲ್ಲಿ ಫೋಟೋ ತೆಗೆದು ಹೊರಡುವ ಕಾಲಕ್ಕೂ ಇರುವ ಅಂತರವನ್ನು ಆ ಊರಿನ ಕಲ್ಲುಗಳೂ ಅನುಭವಿಸುತ್ತಿವೆ.

ಫಾಬ್ರಿಯವರು ಎರಡನೆಯ ಯಾತ್ರೆಯಲ್ಲಿ ಜೆರುಸಲೇಮಿನಿಂದ ಸೀನಾಯ್ ಬೆಟ್ಟಕ್ಕೂ ಅಲ್ಲಿಂದ ಕೈರೋಗೂ ಹೋಗಿ, 1484ರ ಜನವರಿಯಲ್ಲಿ ವೆನಿಸಿಗೆ ಮರಳಿದರು. ಉಲ್ಮ್ ಮಠದಲ್ಲಿ ಕುಳಿತು ತಮ್ಮ ಸಭಾಸೋದರರಿಗಾಗಿ ಲತೀನಿನಲ್ಲಿ ದೊಡ್ಡ ಗ್ರಂಥ ಬರೆದರು. ಜೊತೆ ಬಂದ ಪ್ರಭುಗಳಿಗಾಗಿ ಜರ್ಮನ್ ಭಾಷೆಯಲ್ಲಿ ಚಿಕ್ಕದೊಂದನ್ನು ಬರೆದರು. ಆಗ ದೊಮಿನಿಕನ್ ಮಠಗಳ ಕನ್ಯಾಸ್ತ್ರೀಯರು ತಮಗೂ ಒಂದು ಬೇಕೆಂದರು. ಮಠದ ಗೋಡೆ ದಾಟುವಂತಿಲ್ಲದ ಅವರಿಗಾಗಿ ಫಾಬ್ರಿಯವರು 1492ರಲ್ಲಿ ಇನ್ನೊಂದು ಪುಸ್ತಕ ರಚಿಸಿ, ಯಾತ್ರೆಯನ್ನೆಲ್ಲ 208 ದಿನಗಳ ನಡಿಗೆಯಾಗಿ ಹಂಚಿಕೊಟ್ಟರು. ದಿನಕ್ಕೊಂದು ಹಂತದಂತೆ, ಆ ಸೋದರಿಯರು ತಮ್ಮ ಕೋಣೆಗಳಲ್ಲಿಯೇ ಕುಳಿತು ಜೆರುಸಲೇಮಿಗೆ ಹೊರಟರು.