ಕಾಗೆ ಮುಟ್ಟಿದ್ದೂ ಬೆಂಕಿ ಬಿದ್ದದ್ದೂ

ಭತ್ತ ಬೆಳೆಯುವ ಊರಿನಲ್ಲಿ ಬೆಂಕಿ ಎಂಬ ಮಾತನ್ನು ಯಾರೂ ಹಗುರವಾಗಿ ಆಡುವುದಿಲ್ಲ. ನಮ್ಮ ಎಮ್ಮಿಗನೂರಿನಲ್ಲಿ ಸುಗ್ಗಿ ಮುಗಿದ ಮೇಲೆ ಹಿತ್ತಿಲುಗಳಲ್ಲಿ ಹುಲ್ಲಿನ ಬಣವೆ ಏಳುತ್ತದೆ. ಒಂದು ಕಿಡಿ ಬಿದ್ದರೆ ವರ್ಷದ ಮೇವು ಹೋಯಿತು ಎಂದೇ ಲೆಕ್ಕ. ಹೀಗಿರುವಾಗ ಪಕ್ಕದ ಮನೆಯ ಹುಡುಗ ಕಟ್ಟೆಯ ಮೇಲೆ ಕುಳಿತು ಮೊಬೈಲು ನೋಡುತ್ತ "ಬೆಂಕಿ ಲೇ, ಬೆಂಕಿ!" ಎಂದು ಗೆಳೆಯನಿಗೆ ಕೂಗಿದ. ಅವನ ಅಜ್ಜಿ ನಲ್ಲಿಯ ಹತ್ತಿರ ತುಂಬಿಟ್ಟ ಕೊಡವನ್ನು ಎತ್ತಿಕೊಂಡೇ ಓಡಿಬಂದರು. "ಎಲ್ಲೈತೋ? ಯಾರ ಬಣವಿಗೋ?" ಹುಡುಗ ಬಿದ್ದು ಬಿದ್ದು ನಕ್ಕ. ಹೊಸ ಸಿನಿಮಾದ ತುಣುಕು ಬಹಳ ಚೆನ್ನಾಗಿದೆ ಎನ್ನುವುದಕ್ಕೆ ಈಗಿನ ಹುಡುಗರು ಆಡುವ ಮಾತು ಅದು. ಅಜ್ಜಿ ಮಾತ್ರ ನಗಲಿಲ್ಲ. ತಂದ ನೀರು ದಂಡವಾಗಬಾರದೆಂದು ಕರಿಬೇವಿನ ಗಿಡಕ್ಕೆ ಸುರಿದು, "ಚಲೋದಕ್ಕ ಚಲೋ ಅನ್ನಾಕ ಏನ್ ರೋಗ ಇವಕ್ಕ?" ಎಂದು ನನ್ನ ಕಡೆ ನೋಡಿದರು. ನಾನು ಟೀಚರಮ್ಮ ತಾನೆ, ಉತ್ತರ ನನ್ನ ಬಳಿ ಇರಬೇಕೆಂದು ಅವರ ಭಾವನೆ.

ಉತ್ತರ ಏನೋ ಗೊತ್ತಿಲ್ಲ. ಆದರೆ ಆ ಪ್ರಶ್ನೆ ಬಹಳ ಹಳೆಯದು. ನಮ್ಮ ಹಂಪೆಯನ್ನೇ ತೆಗೆದುಕೊಳ್ಳಿ. ಅದು ಮೊದಲು ಪಂಪೆ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೊಸತು ಹೊಸತಾಯಿತು. ಸುಮಾರು 10ನೆಯ ಶತಮಾನದಿಂದ ಮುಂದೆ ಕೆಲವು ನೂರು ವರ್ಷ ನಡೆದ ಬದಲಾವಣೆ ಇದು. ಮೊಟ್ಟಮೊದಲು ಹಾಲು ಎಂದವರು ಯಾರೋ ಎಳೆಯರೇ ಇರಬೇಕೆಂದು ನನ್ನ ಊಹೆ. "ಪಾಲು ಅನ್ನಾಕ ಬಾಯಿಗೆ ಏನ್ ಬ್ಯಾನಿ?" ಎಂದು ಅವರ ಅಜ್ಜಿಯೂ ಗದರಿರಬಹುದು. ಹಂಪೆಯ ಹರಿಹರ ಎಂದೇ ಹೆಸರಾದ ಕವಿ ಬರೆದದ್ದು ಪಂಪಾಶತಕ. ಊರಿನ ಹೆಸರಿನಲ್ಲಿ ಹೊಸ ರೂಪ, ಪುಸ್ತಕದ ಹೆಸರಿನಲ್ಲಿ ಹಳೆಯದು. ಹೊಸಪೇಟೆಯಂತೂ ಇನ್ನೂ ತಮಾಷೆ. ಅರ್ಧ ಹೆಸರು ಪಕಾರ ಬಿಟ್ಟಿತು, ಇನ್ನರ್ಧ ಹಾಗೇ ಇಟ್ಟುಕೊಂಡಿತು. 13ನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞ ಎಂಬ ಅಕ್ಷರ ಬರುವ ಶಬ್ದಗಳನ್ನು ಪಟ್ಟಿ ಮಾಡಿ ಇಟ್ಟಿದ್ದಾನೆ. ಜನರ ಬಾಯಲ್ಲಿ ಆ ಧ್ವನಿ ಮಾಯವಾಗುತ್ತಿತ್ತು, ಅದಕ್ಕೇ ಪಟ್ಟಿ ಬೇಕಾಯಿತು. ಬಿ.ಎ. ಓದುವಾಗ ಇದನ್ನು ಉರು ಹೊಡೆದದ್ದೇ ಬಂತು. ಅದರ ಹಿಂದೆ ಒಬ್ಬ ಹಿರಿಯನ ಸಿಡಿಮಿಡಿ ಇದೆ ಎಂದು ನನಗೆ ಹೊಳೆದದ್ದು ಮಕ್ಕಳು ಬೆಳೆದ ಮೇಲೆ.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ನಮ್ಮ ಭಾಗದಲ್ಲಿ ಸರ್ಕಾರಗಳು ಬದಲಾದ ವೇಗಕ್ಕೆ ಅತ್ತೆಯ ಮಾತು ಸೊಸೆಗೆ ತಿಳಿಯದಂತಾಗಿತ್ತು. ಹೊಳೆಯ ಆಚೆ ಗಂಗಾವತಿ ನಿಜಾಮರದು, 1948ರವರೆಗೆ. ಈಚೆ ಬಳ್ಳಾರಿ ಸೀಮೆ ಮದ್ರಾಸಿನದು, 1953ರ ಅಕ್ಟೋಬರ್ 1ರವರೆಗೆ. ಆಚೆ ಕಚೇರಿಯಲ್ಲಿ ಉರ್ದು, ಈಚೆ ಇಂಗ್ಲಿಷು. ನಿಜಾಮರಿಗೆ ತಮ್ಮದೇ ನಾಣ್ಯ, ಹಾಲಿ ಸಿಕ್ಕಾ. ಬ್ರಿಟಿಷರ ರೂಪಾಯಿಗೆ ಅಲ್ಲಿನವರು ಕಲ್ದಾರ್ ಎನ್ನುತ್ತಿದ್ದರು. ನಮ್ಮವ್ವ ಹೊಳೆಯಾಚೆಯಿಂದ ಬಂದ ಸೊಸೆ. ಬಂದ ಹೊಸದರಲ್ಲಿ "ಅತ್ತಿ, ಎರಡು ಕಲ್ದಾರ ಕೊಡ್ರಿ" ಎಂದರಂತೆ. ನಮ್ಮಜ್ಜಿ ಒಳಗೆ ಹೋಗಿ ಒಂದು ಕಲ್ಲು, ಒಂದು ದಾರದ ಉಂಡೆ ತಂದುಕೊಟ್ಟರಂತೆ. ಇದಕ್ಕೆ ಎಷ್ಟು ಒಗ್ಗರಣೆ ಬಿದ್ದಿದೆಯೋ ನಾನರಿಯೆ, ಮನೆಯಲ್ಲಿ ಹಾಗೇ ಹೇಳುತ್ತಿದ್ದರು. ಹಾಗೆಯೇ 1957ರ ಏಪ್ರಿಲ್ 1ರಿಂದ ನಯಾಪೈಸೆ ಬಂತು. ರೂಪಾಯಿಗೆ 16 ಆಣೆ ಹೋಗಿ 100 ಪೈಸೆಯಾಯಿತು. ಶಾಲೆಗೆ ಹೋಗುವ ಮಕ್ಕಳು ಹೊಸ ಲೆಕ್ಕ ಬೇಗ ಕಲಿತರು, ಹೆಂಗಸರು ಆಣೆಯಲ್ಲೇ ಉಳಿದರು. 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋಯಿತಷ್ಟೆ. ಮೊನ್ನೆ ತರಗತಿಯಲ್ಲಿ "ನಿನಗೆ ನಾಕಾಣೆ ಬುದ್ಧಿ ಇಲ್ಲ" ಎಂದು ಬೈದರೆ ಹುಡುಗಿ, "ನಾಕಾಣೆ ಅಂದ್ರ ಎಷ್ಟು ಕೆಜಿ ಟೀಚರ್?" ಎಂದು ಕೇಳಿದಳು. ಈಗ ತಿಳಿಯದವರ ಸಾಲಿಗೆ ಅವಳು, ತಿಳಿದವರ ಸಾಲಿಗೆ ನಾನು!

ಮಕ್ಕಳ ಮಾತು ದೊಡ್ಡವರಿಗೆ ತಿಳಿಯದು ಎನ್ನುತ್ತೇವೆ. ದೊಡ್ಡವರ ಗುಟ್ಟಿನ ಮಾತು ನಮಗೆ ತಿಳಿದಿತ್ತೆ? "ಅವಳನ್ನ ಕಾಗಿ ಮುಟ್ಟೈತಿ" ಎಂದು ನಮ್ಮವ್ವ ಪಕ್ಕದ ಮನೆಯವರಿಗೆ ಹೇಳುವುದನ್ನು ಕೇಳಿ ನಾನು ಅಕ್ಕನ ತಲೆ, ಭುಜ ಎಲ್ಲ ಹುಡುಕಿ ನೋಡಿದ್ದೆ, ಕೊಕ್ಕಿನ ಗುರುತು ಎಲ್ಲಿದೆ ಎಂದು. ಅಕ್ಕ ಮೂರು ದಿನ ಹೊರಗೆ ಕುಳಿತಳು. ಆ ದಿನಗಳಲ್ಲಿ ಕಾಗೆ ಕಂಡರೆ ನಾನು ಕಲ್ಲು ಬೀರುತ್ತಿದ್ದೆ, ಪಾಪ ಕಾಗೆ! ಗಂಡಸರಿಗೆ ಕೇಳಬಾರದು, ಮಕ್ಕಳಿಗೆ ತಿಳಿಯಬಾರದು ಎಂದು ಹೆಂಗಸರು ಕಟ್ಟಿಕೊಂಡ ಮಾತು ಅದು. ಗಂಡನ ಹೆಸರಂತೂ ಹೇಳುವಂತೆಯೇ ಇರಲಿಲ್ಲ. ಮದುವೆ, ಸೀಮಂತಗಳಲ್ಲಿ ಒಡಪಿನೊಳಗೆ ಹುದುಗಿಸಿ ಹೇಳಬೇಕು, ಉಳಿದಂತೆ ಬಾಯಿ ಮುಚ್ಚಿಕೊಂಡಿರಬೇಕು. 2001ರ ಜನಗಣತಿಗೆ ಮನೆ ಮನೆ ಅಲೆದಾಗ ಒಬ್ಬ ಮುದುಕಿ ಗಂಡನ ಹೆಸರು ಕೇಳಿದರೆ ಗೋಡೆಯ ಮೇಲಿನ ಕ್ಯಾಲೆಂಡರ್ ತೋರಿಸಿದರು. ತಿಮ್ಮಪ್ಪನ ಪಟ. ವೆಂಕಟೇಶನೋ, ಶ್ರೀನಿವಾಸನೋ, ತಿಮ್ಮಪ್ಪನೋ ಎಂದು ಹತ್ತು ಹೆಸರು ಹೇಳಿಸಿ ತಲೆ ಆಡಿಸಿದ ಮೇಲೆ ಬರೆದುಕೊಂಡದ್ದು. ಇನ್ನು ನಾವು ಹುಡುಗಿಯರು ಪ್ರತಿ ಅಕ್ಷರದ ಮುಂದೆ ಚ ಸೇರಿಸಿ ಮಾತಾಡುತ್ತಿದ್ದೆವು. ಈ ಚ ಭಾಷೆಯಲ್ಲಿ ನಾವು ಆಡಿದ ಗುಟ್ಟಾದರೂ ಎಂಥದು? ಮಾವಿನಕಾಯಿ ಕದ್ದದ್ದು, ಅಷ್ಟೆ. ಆದರೂ ಯಾರೂ ಕೇಳದ ಒಂದು ಜಾಗ ಸಿಕ್ಕಂತಾಗುತ್ತಿತ್ತು. ಮನೆಯಲ್ಲಿ ನಮಗೆಂದು ಒಂದು ಗೂಡಾದರೂ ಎಲ್ಲಿತ್ತು?

ಇಂಗ್ಲಿಷು ಬಂದ ಮೇಲೆ ಗೋಜಲು ಹೆಚ್ಚಿತು. ನಾನು ಕಾಲೇಜಿನಲ್ಲಿದ್ದಾಗ ಬೇಸರವಾದರೆ "ಬೋರ್ ಹೊಡೀತೈತಿ" ಎನ್ನುವುದು ಬಲು ಜೋರು. ಒಂದು ರಜೆಯಲ್ಲಿ ಹಾಗಂದೆ. ಜಗುಲಿಯಲ್ಲಿದ್ದ ನಮ್ಮಪ್ಪ, "ಯಾರ ಹೊಲದಾಗ? ನೀರು ಬಿತ್ತೇನು?" ಎಂದು ಎದ್ದು ಕುಳಿತರು. ಕಾಲುವೆಯ ನೀರು ಹತ್ತದ ಮೇಲಿನ ಹೊಲದವರಿಗೆ ಬೋರು ಎಂದರೆ ಕೊಳವೆ ಬಾವಿ, ಅದನ್ನು ಹೊಡೆಸುವುದೆಂದರೆ ಸಾಲ.

ಇಲ್ಲಿಯವರೆಗಿನದೆಲ್ಲ ನಕ್ಕು ಮರೆಯುವಂಥದು. ಎಲ್ಲವೂ ಹಾಗಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ, ನನ್ನ ಹತ್ತಿರ ಹತ್ತನೆಯ ತರಗತಿ ಓದಿ ಕಂಪ್ಲಿಗೆ ಪಿ.ಯು.ಸಿ.ಗೆ ಹೋಗುತ್ತಿದ್ದ ಹುಡುಗಿಯೊಬ್ಬಳು ಎಂಟು ದಿನದಿಂದ ಬಸ್ಸಿಗೆ ಬರುತ್ತಿಲ್ಲವೆಂದು ತಿಳಿಯಿತು. ಅವಳ ತಾಯಿ ಸಂಜೆ ಕತ್ತಲಾದ ಮೇಲೆ ನಮ್ಮ ಮನೆಗೆ ಬಂದರು. ಹುಡುಗಿ ಫೋನಿನಲ್ಲಿ ಗೆಳತಿಗೆ "ಅವನು ನನ್ನ ಕ್ರಶ್ಶು" ಎಂದಿದ್ದಾಳೆ. ತಂದೆಯ ಕಿವಿಗೆ ಬಿದ್ದಿದೆ. ಅವರು ಲಾರಿಯವರು. ಸಂಡೂರಿನ ಗಣಿಗಳು ಭರಾಟೆಯಲ್ಲಿದ್ದ ಕಾಲದಲ್ಲಿ, ಅಂದರೆ 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವವರೆಗೆ, ಅದಿರು ಸಾಗಿಸಿದವರು. ಕ್ರಷರಿನ ಧೂಳು ತಿಂದವರಿಗೆ ಕ್ರಶ್ ಎಂದರೆ ಇನ್ನೇನು ಹೊಳೆದೀತು? ಮಗಳು ಯಾವನೋ ಕ್ರಷರಿನ ಹುಡುಗನ ಬೆನ್ನು ಬಿದ್ದಿದ್ದಾಳೆ ಎಂದುಕೊಂಡರು. ಫೋನು ಕಸಿದುಕೊಂಡರು, ಕಾಲೇಜು ಬಿಡಿಸಿದರು. ದಾರೋಜಿಯ ಕಡೆ ಒಂದು ಗಂಡು ಇದೆ ಎಂಬ ಮಾತೂ ಆಗಲೇ ಎದ್ದಿತ್ತು. ಹುಡುಗಿಗೆ ಇನ್ನೂ 17 ತುಂಬಿರಲಿಲ್ಲ. "ಆಕಿ ಹೇಳಿದ್ದು ಸಿನಿಮಾದವನಿಗೆ ಅಂತ ಅಳತಾಳ ಟೀಚರ್. ಅವ್ರು ನಂಬವಲ್ರು" ಎಂದು ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

ಮರುದಿನ ಹೋದೆ. ಯಾವನನ್ನೋ ದೂರದಿಂದ ನೋಡಿ ಮೆಚ್ಚಿಕೊಳ್ಳುವುದಕ್ಕೆ ಈಗಿನ ಮಕ್ಕಳು ಕ್ರಶ್ ಎನ್ನುತ್ತಾರೆ, ಅವನಿಗೆ ಇವಳು ಇದ್ದಾಳೆಂಬುದೇ ಗೊತ್ತಿರುವುದಿಲ್ಲ, ಎಂದು ನನಗೆ ತಿಳಿದಂತೆ ಬಿಡಿಸಿ ಹೇಳಿದೆ. ತಂದೆ ನೆಲ ನೋಡುತ್ತ ಕುಳಿತಿದ್ದರು. ಬಿ.ಇಡಿ. ಪಾಠದಲ್ಲಿ ಇಂಥದಕ್ಕೆ ಯಾವ ವಿಧಾನವನ್ನೂ ಹೇಳಿರಲಿಲ್ಲ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ತಾಯಿಯ ದನಿ ಬಂತು. "ನಿಮ್ಮ ಲಾರಿ ಗ್ಲಾಸಿನ ಮ್ಯಾಲ ಹೀರೋಯಿನ್ ಫೋಟೋ ಅಂಟಿಸಿದ್ರಲ್ಲ, ಹತ್ತು ವರ್ಷ ಇತ್ತು. ನಾನೇನು ತವರಿಗೆ ಹೋದ್ನಾ?"

ಅವರು ತಲೆ ಎತ್ತಿದರು. "ಅದು ಕ್ರಶ್ಶೇನು?" ಎಂದು ನನ್ನನ್ನೇ ಕೇಳಿದರು. ಹೌದು ಎಂದೆ. ನಗು ತಡೆಯಲು ನನಗೂ ಕಷ್ಟವಾಯಿತು. ಎರಡು ದಿನ ಬಿಟ್ಟು ಹುಡುಗಿ ಬಸ್ಸು ಹತ್ತಿದಳು. ಫೋನು ಮಾತ್ರ ಪರೀಕ್ಷೆ ಮುಗಿಯುವವರೆಗೆ ಅಪ್ಪನ ಪೆಟ್ಟಿಗೆಯಲ್ಲೇ ಇತ್ತು.

ಈ ಸುದ್ದಿ ಹೇಗೋ ಹಬ್ಬಿ, ಈಗ ಪಾಲಕರ ಸಭೆಗೆ ಬಂದ ತಾಯಂದಿರು ಅಂಕಗಳಿಗಿಂತ ಮೊದಲು ಶಬ್ದಗಳ ಅರ್ಥ ಕೇಳುತ್ತಾರೆ. ಮಚ್ಚಾ ಎಂದರೆ ತಮಿಳರಲ್ಲಿ ಭಾವಮೈದುನ, ಈಗ ಗೆಳೆಯ ಎಂದು ಅರ್ಥ, ಕೊಯ್ಯುವ ಮಚ್ಚಲ್ಲ, ಎಂದು ಒಬ್ಬರಿಗೆ ಸಮಾಧಾನ ಹೇಳಿದೆ. ಕಳೆದ ಸಭೆಯಲ್ಲಿ ಇನ್ನೊಬ್ಬರು ಎಲ್ಲರೂ ಹೋಗುವವರೆಗೆ ಕಾದು ನಿಂತು, "ಟೀಚರ್, ಗೆಳತಿ ಘೋಸ್ಟ್ ಮಾಡಿದ್ಲು ಅಂತ ನನ್ನ ಮಗಳು ಎರಡು ದಿನ ಉಂಡಿಲ್ಲ. ದೆವ್ವ ಗಿವ್ವ ಏನಾರ ಬಡಿದೈತಾ? ಯಂತ್ರ ಕಟ್ಟಿಸಲಾ?" ಎಂದರು. ದೆವ್ವವಲ್ಲ, ಚೆನ್ನಾಗಿದ್ದವರು ಕಾರಣ ಹೇಳದೆ ಮಾತು ಬಿಟ್ಟರೆ, ಕರೆದರೂ ಓಗೊಡದಿದ್ದರೆ ಹಾಗೆನ್ನುತ್ತಾರೆ ಎಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾರ ನಮ್ಮ ತವರಿನವರು ನನಗ ಹನ್ನೆರಡು ವರ್ಷದಿಂದ ಅದನ್ನ ಮಾಡ್ಯಾರ" ಎಂದರು. ಆಮೇಲೆ ಪ್ರಗತಿ ಪತ್ರಕ್ಕೆ ರುಜು ಹಾಕಿ, ಮಗಳಿಗೆ ಮಿರ್ಚಿ ಕಟ್ಟಿಸಿಕೊಂಡು ಹೋಗುತ್ತೇನೆ ಎಂದು ಹೇಳಿ ಹೊರಟರು.